ಮಗು ಎತ್ತಿಕೊಂಡು ಹೊಸ ಊರು ನೋಡೋದು ಹೇಗೆ?

ಎಳೆ ಮಗುವಿನ ಜೊತೆ ಪ್ರಯಾಣ ಮಾಡುವ ಬಗ್ಗೆ ಕಳೆದ ಸಲ ಒಂದು ಪ್ರಶ್ನೆಗೆ ಉತ್ತರಿಸಿದ್ದೆ. ಆಮೇಲೆ ಅದೇ ವಿಷಯದ ಪತ್ರಗಳು ತುಂಬಾ ಬಂದವು. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅದಕ್ಕೇ. ಪತ್ರಗಳನ್ನು ಸ್ವಲ್ಪ ಚಿಕ್ಕದು ಮಾಡಿದ್ದೇನೆ, ಹೆಸರು ಯಾರದ್ದೂ ಹಾಕಿಲ್ಲ.

ಪ್ರಶ್ನೆ: ಅಕ್ಕಾ, ನನ್ನ ಮಗಳಿಗೆ ಐದು ತಿಂಗಳು. ಎದೆಹಾಲು ಮಾತ್ರ ಕುಡಿಯುತ್ತಾಳೆ. ಕಾಲೇಜಿನಿಂದ ಜೊತೆಗಿರುವ ಮೂವರು ಗೆಳತಿಯರು ನಾಲ್ಕು ದಿನ ಒಂದು ಊರಿಗೆ ಹೋಗೋಣ ಅಂತಿದ್ದಾರೆ. ನಮ್ಮಲ್ಲಿ ಯಾರೂ ಆ ಊರು ನೋಡಿಲ್ಲ. ಅವರು ಮೂವರಿಗೂ ಮಕ್ಕಳಿಲ್ಲ. ಆಸೆಗೆ ಹೂಂ ಅಂದುಬಿಟ್ಟೆ, ಈಗ ರಾತ್ರಿ ನಿದ್ದೆ ಬರುತ್ತಿಲ್ಲ. ದಾರಿಯುದ್ದಕ್ಕೂ ಮಗು ಅತ್ತರೆ? ನನ್ನಿಂದ ಅವರ ಪ್ರವಾಸ ಕೆಟ್ಟರೆ? ಮನೆಯಲ್ಲಿ ‘ಈಗಲೇ ಏನು ಅವಸರ’ ಅಂತಾರೆ. ಹೋಗಲಾ, ಬೇಡವಾ?

ಉತ್ತರ: ಹೋಗಿ. ಹೊರಡುವ ಮೊದಲು ಮಗುವಿನ ಡಾಕ್ಟರ್ ಹತ್ತಿರ ಒಂದು ಮಾತು ಕೇಳಿ, ಈ ವಯಸ್ಸಿನ ಲಸಿಕೆಗಳೆಲ್ಲ ಆಗಿವೆಯಾ ನೋಡಿಕೊಳ್ಳಿ. ಅವರು ಸರಿ ಅಂದರೆ ಹೋಗಿ. ನಿಜ ಹೇಳಬೇಕೆಂದರೆ ಐದು ತಿಂಗಳು ಒಳ್ಳೆಯ ವಯಸ್ಸು. ಕತ್ತು ನಿಂತಿರುತ್ತದೆ. ಇನ್ನೂ ಅಂಬೆಗಾಲಿಡುವುದಿಲ್ಲ, ಹಾಗಾಗಿ ಇಟ್ಟ ಜಾಗ ಬಿಟ್ಟು ದೂರ ಹೋಗುವುದಿಲ್ಲ. ಊಟಕ್ಕೆ ಬೇರೆ ಏನೂ ಬೇಕಿಲ್ಲ, ನೀವು ಹೋದಲ್ಲೆಲ್ಲ ಅವಳ ಊಟವೂ ಬರುತ್ತದೆ. ಮೊದಲ 6 ತಿಂಗಳು ಎದೆಹಾಲು ಬಿಟ್ಟು ಬೇರೇನೂ ಬೇಡ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಬಿಸಿಲು ಜಾಸ್ತಿ ಇದೆ ಅಂತ ಯಾರಾದರೂ ‘ಒಂದು ಗುಟುಕು ನೀರು ಕೊಡು’ ಅಂದರೆ ಕೊಡಬೇಡಿ. ಆ ಹೊತ್ತಿಗೆ ಹಾಲನ್ನೇ ಇನ್ನೊಂದು ಸಲ ಕೊಡಿ. ನೀರು ನೀವು ಕುಡಿಯಿರಿ.

ನನ್ನ ಮಗನಿಗೆ ನಾಲ್ಕೂವರೆ ತಿಂಗಳಿದ್ದಾಗ ಇಬ್ಬರು ಗೆಳತಿಯರ ಜೊತೆ ನಾನೂ ಹೀಗೇ ಹೋಗಿದ್ದೆ. ಮೊದಲ ದಿನ ಐದು ಜಾಗ ಅಂತ ಬರೆದುಕೊಂಡಿದ್ದೆವು. ಎರಡನೆಯ ಜಾಗದಲ್ಲಿ ಹಾಲು ಕೊಡಬೇಕಿತ್ತು, ಗೆಳತಿಯರು ಕಾಯುತ್ತಾರಲ್ಲ ಅಂತ ‘ಮುಂದಿನ ಕಡೆ ಕೊಟ್ಟರಾಯಿತು’ ಅಂದುಕೊಂಡೆ. ಮುಂದಿನ ಕಡೆ ಸಾಲಿತ್ತು. ಮೂರನೆಯ ಜಾಗದ ಬಾಗಿಲಲ್ಲಿ ಮಗು ಉಸಿರು ಸಿಕ್ಕಿಹಾಕಿಕೊಳ್ಳುವ ಹಾಗೆ ಅಳುತ್ತಿತ್ತು, ನನ್ನ ಎದೆ ಕಲ್ಲಾಗಿತ್ತು, ಬಟ್ಟೆ ಒದ್ದೆಯಾಗಿತ್ತು, ಮೂವರೂ ಮೆಟ್ಟಿಲ ಮೇಲೆ ಕೂತು ಒಬ್ಬರ ಮುಖ ಒಬ್ಬರು ನೋಡುತ್ತಿದ್ದೆವು. ಮರುದಿನ ಒಂದೇ ಜಾಗ ಇಟ್ಟುಕೊಂಡೆವು, ಒಂದು ದೊಡ್ಡ ತೋಟ. ಮರದ ಕೆಳಗೆ ಶಾಲು ಹಾಸಿ ಮಗುವನ್ನು ಮಲಗಿಸಿದೆ. ಎಲೆಗಳ ನಡುವೆ ಬೆಳಕು ಅಲ್ಲಾಡುವುದನ್ನು ಅವನು ಕಣ್ಣು ಮಿಟುಕಿಸದೆ ನೋಡುತ್ತಿದ್ದ, ಮುಷ್ಟಿ ಬಿಚ್ಚುವುದು, ಮುಚ್ಚುವುದು, ಕಾಲಿನ ಹೆಬ್ಬೆರಳು ಮಾತ್ರ ಕುಣಿಯುತ್ತಿತ್ತು. ಒಬ್ಬ ಗೆಳತಿ ತೋಟದ ಆ ತುದಿಯವರೆಗೂ ಹೋಗಿ ನೋಡಿ ಬಂದಳು, ಆಮೇಲೆ ಇನ್ನೊಬ್ಬಳು ಹೋದಳು, ಆಮೇಲೆ ಮಗುವನ್ನು ಅವರ ಹತ್ತಿರ ಬಿಟ್ಟು ನಾನು ಹೋದೆ. ಹದಿನೈದು ನಿಮಿಷ, ಕೈಯಲ್ಲಿ ಏನೂ ಇಲ್ಲದೆ. ಮಗು ಹುಟ್ಟಿದ ಮೇಲೆ ಹಾಗೆ ನಡೆದದ್ದು ಅದೇ ಮೊದಲು.

ಅದಕ್ಕೇ ಹೇಳುತ್ತೇನೆ, ದಿನಕ್ಕೆ ಒಂದೇ ಜಾಗ. ಬೆಳಿಗ್ಗೆ. ಸಂಜೆಯದ್ದು ಆದರೆ ಆಯಿತು, ಇಲ್ಲದಿದ್ದರೆ ಇಲ್ಲ. ಐದು ತಿಂಗಳ ಮಗು ಒಂದು ಸಲ ಎದ್ದರೆ ಸುಮಾರು ಎರಡು ಗಂಟೆ ಖುಷಿಯಾಗಿರುತ್ತದೆ, ಆಮೇಲೆ ನಿದ್ದೆ ಬೇಕು. ರೂಮಿನಲ್ಲೇ ಹೊಟ್ಟೆ ತುಂಬ ಹಾಲು ಕೊಟ್ಟು, ಡೈಪರ್ ಬದಲಿಸಿ ಹೊರಡಿ. ಆ ಎರಡು ಗಂಟೆಯೊಳಗೆ ಜಾಗ ತಲುಪಿ ಮುಖ್ಯವಾದದ್ದು ನೋಡಿಬಿಡಿ. ಮುಖ ಆ ಕಡೆ ತಿರುಗಿಸುವುದು, ಕಣ್ಣು ಉಜ್ಜುವುದು, ಆಕಳಿಸುವುದು, ಸುಮ್ನೆ ಕಿರಿಕಿರಿ ಮಾಡುವುದು ಕಂಡರೆ ಸಾಕಾಗಿದೆ ಅಂತ ಅರ್ಥ. ಅಳು ಶುರುವಾಗುವವರೆಗೂ ಕಾಯಬೇಡಿ, ಅದಕ್ಕೂ ಮೊದಲೇ ನೆರಳಿರುವ, ಗಲಾಟೆ ಕಡಿಮೆ ಇರುವ ಮೂಲೆ ಹುಡುಕಿ ಕೂತುಬಿಡಿ.

ಉಳಿದುಕೊಳ್ಳುವ ಜಾಗ ನೋಡಬೇಕಾದ ಜಾಗಗಳಿಗೆ ಹತ್ತಿರ ಇರಲಿ. ಬೇರೆ ಎಲ್ಲದಕ್ಕಿಂತ ಇದು ಮುಖ್ಯ. ದೂರದಲ್ಲಿ ಚೆಂದದ ರೂಮಿಗಿಂತ ಹತ್ತು ನಿಮಿಷದಲ್ಲಿ ವಾಪಸ್ ಬರಬಹುದಾದ ಸಾಧಾರಣ ರೂಮು ಒಳ್ಳೆಯದು. ಮಧ್ಯಾಹ್ನ ಬಂದು ಮಲಗಬಹುದು, ಬಟ್ಟೆ ಬದಲಿಸಬಹುದು, ಗೆಳತಿಯರು ಮತ್ತೆ ಹೊರಗೆ ಹೋಗಬಹುದು. ಬುಕ್ ಮಾಡುವಾಗಲೇ ಫೋನ್ ಮಾಡಿ ಕೇಳಿ. ಲಿಫ್ಟ್ ಇದೆಯಾ, ಮಗುವಿಗೆ ಬೇರೆ ತೊಟ್ಟಿಲು ಕೊಡುತ್ತೀರಾ, ಬಿಸಿನೀರು ಯಾವಾಗ ಬೇಕಾದರೂ ಸಿಗುತ್ತಾ. ನೋಡಲು ಹೋಗುವ ಕಡೆಗೂ ಹೀಗೇ ಒಂದು ಫೋನ್ ಮಾಡಿ, ಮೆಟ್ಟಿಲು ಎಷ್ಟು, ಸ್ಟ್ರಾಲರ್ (ಮಗುವನ್ನು ಕೂರಿಸಿ ತಳ್ಳುವ ಗಾಡಿ) ಒಳಗೆ ಬಿಡುತ್ತಾರಾ, ಕೂತು ಹಾಲು ಕೊಡಲು ಜಾಗ ಇದೆಯಾ ಅಂತ. ಹೋದ ಮೇಲೆ ಬಾಗಿಲಲ್ಲಿ ಗೊತ್ತಾಗುವುದಕ್ಕಿಂತ ಇದು ಎಷ್ಟೋ ಮೇಲು. ರಾತ್ರಿ ಮಗು ಗಟ್ಟಿಯಾದ, ಸಮತಟ್ಟಾದ ಹಾಸಿಗೆಯಲ್ಲಿ ಅಂಗಾತ ಮಲಗಲಿ, ಸುತ್ತ ದಿಂಬು, ರಗ್ಗು, ಬೊಂಬೆ ಏನೂ ಬೇಡ. ಎಲ್ಲರೂ ಒಂದೇ ಮಂಚದಲ್ಲಿ ಹರಟೆ ಹೊಡೆಯುತ್ತಾ ಮಗುವನ್ನು ಮಧ್ಯೆ ಮಲಗಿಸಿಕೊಂಡು ನಿದ್ದೆ ಹೋಗುವುದು ಮಾತ್ರ ಬೇಡವೇ ಬೇಡ.

ಇನ್ನು ಗೆಳತಿಯರು. ನಿಮ್ಮ ಪತ್ರದಲ್ಲಿ ಮಗುವಿನ ಭಯಕ್ಕಿಂತ ಅವರಿಗೆ ಬೇಜಾರಾಗುತ್ತೇನೋ ಅನ್ನುವ ಭಯವೇ ಜಾಸ್ತಿ ಕಂಡಿತು ನನಗೆ. ಅದಕ್ಕೆ ಒಂದೇ ದಾರಿ, ಹೊರಡುವ ಮೊದಲೇ ಬಾಯಿಬಿಟ್ಟು ಹೇಳುವುದು. ‘ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ರೇ’ ಅಂದರೆ ಯಾರಿಗೂ ಏನೂ ಅರ್ಥವಾಗುವುದಿಲ್ಲ. ಮಗು ಇಲ್ಲದವರಿಗೆ ಹಾಲು ಕೊಡಲು ಅರ್ಧ ಗಂಟೆ ಬೇಕು ಅನ್ನುವುದೇ ಗೊತ್ತಿರುವುದಿಲ್ಲ, ಅದು ಅವರ ತಪ್ಪಲ್ಲ. ಹೀಗೆ ಹೇಳಿ: ‘ಬೆಳಿಗ್ಗೆ ನಿಮ್ಮ ಜೊತೆ ಬರ್ತೀನಿ. ಮಧ್ಯಾಹ್ನ ರೂಮಿಗೆ ಹೋಗ್ತೀನಿ, ನೀವು ನನಗಾಗಿ ನಿಲ್ಲಬೇಡಿ. ರಾತ್ರಿ ಊಟ ಬೇಗ ಮಾಡೋಣ. ಎರಡು ದಿನ ನಿಮಗೆ ಬೇಕಾದಲ್ಲಿ ಹೋಗಿ, ಎರಡು ದಿನ ನನಗೆ ಆಗುವಂಥ ಜಾಗ ಇಟ್ಕೊಳ್ಳೋಣ.’ ದುಡ್ಡಿನ ಮಾತೂ ಮೊದಲೇ ಆಗಲಿ. ನಿಮಗೆ ಟ್ಯಾಕ್ಸಿ ಬೇಕಾಗುತ್ತದೆ, ಅವರಿಗೆ ಬಸ್ಸು ಸಾಕಾಗಬಹುದು. ಯಾರು ಎಷ್ಟು ಕೊಡುವುದು ಅಂತ ತೀರ್ಮಾನವಾಗಿದ್ದರೆ ರಸ್ತೆಯಲ್ಲಿ ನಿಂತು ಮುಜುಗರ ಪಡುವ ಹಾಗಿರುವುದಿಲ್ಲ.

ವಿಮಾನದಲ್ಲಿ ಹೋಗುವುದಾದರೆ ಏರುವಾಗ, ಇಳಿಯುವಾಗ ಹಾಲು ಕೊಡಿ. ಮಗು ನುಂಗುತ್ತಿದ್ದರೆ ಕಿವಿ ಕಟ್ಟಿಕೊಳ್ಳುವುದು ಕಡಿಮೆಯಾಗುತ್ತದೆ. ಕಾರಿನಲ್ಲಾದರೆ ಮಕ್ಕಳಿಗೆಂದೇ ಇರುವ, ಹಿಂಭಾಗಕ್ಕೆ ಮುಖ ಮಾಡಿದ ಕಾರ್ ಸೀಟ್, ಅದೂ ಹಿಂದಿನ ಸೀಟಿನಲ್ಲಿ. ಕ್ಯಾರಿಯರ್‌ನಲ್ಲಿ (ಮಗುವನ್ನು ಮೈಗೆ ಕಟ್ಟಿಕೊಳ್ಳುವ ಚೀಲ) ಎದೆಗೆ ಕಟ್ಟಿಕೊಂಡು ಕಾರಿನಲ್ಲಿ ಕೂರುವುದು ಸುರಕ್ಷಿತವಲ್ಲ, ಗಾಡಿ ಗಕ್ಕನೆ ನಿಂತರೆ ನಿಮ್ಮ ಮೈಭಾರವೇ ಮಗುವಿನ ಮೇಲೆ ಬೀಳುತ್ತದೆ. ಆ ಊರಿನಲ್ಲಿ ಮಕ್ಕಳನ್ನು ನೋಡುವ ಆಸ್ಪತ್ರೆ ಎಲ್ಲಿದೆ ಅಂತ ಹೋಗುವ ಮೊದಲೇ ನೋಡಿ ನಾಲ್ವರ ಫೋನಿನಲ್ಲೂ ಇರಲಿ, ಲಸಿಕೆ ಪುಸ್ತಕದ ಫೋಟೋ ಕೂಡ. ಬ್ಯಾಗಿನಲ್ಲಿ ಮಗುವಿಗೆ ಎರಡು ಜೊತೆ ಬಟ್ಟೆ ಅಂತ ಎಲ್ಲರೂ ಹೇಳುತ್ತಾರೆ, ನಿಮಗೂ ಒಂದು ಜೊತೆ ಇಟ್ಟುಕೊಳ್ಳಿ. ಒದ್ದೆ ಬಟ್ಟೆಗೆ ಒಂದು ಕವರ್.

ಮನೆಯವರ ಮಾತಿಗೆ ಬೇಜಾರು ಮಾಡಿಕೊಳ್ಳಬೇಡಿ. ಎಲ್ಲಿ ಇರುತ್ತೀರಿ, ಯಾವಾಗ ಫೋನ್ ಮಾಡುತ್ತೀರಿ ಅಂತ ಬರೆದು ಕೊಡಿ. ಅವರ ಆತಂಕ ಅಷ್ಟರಲ್ಲೇ ಅರ್ಧ ಇಳಿಯುತ್ತದೆ.

ಪ್ರಶ್ನೆ: ಗಂಡನ ಕೆಲಸಕ್ಕಾಗಿ ಹೊಸ ಊರಿಗೆ ಬಂದಿದ್ದೇವೆ. ಸಿಸೇರಿಯನ್ ಆಗಿ ಏಳು ವಾರ. ಇಲ್ಲಿ ನನಗೆ ಒಬ್ಬರೂ ಗೊತ್ತಿಲ್ಲ. ಇಬ್ಬರು ಗೆಳತಿಯರು ಎರಡು ದಿನಕ್ಕೆ ಬರುತ್ತಿದ್ದಾರೆ, ಅವರ ಜೊತೆ ಊರು ಸುತ್ತುವ ಆಸೆ. ಇಷ್ಟು ಬೇಗ ಸುತ್ತಾಡಬಹುದಾ?

ಉತ್ತರ: ಏಳು ವಾರದ ಮಗುವಿಗಿಂತ ಮೊದಲು ನಿಮ್ಮ ಮೈ ಬಗ್ಗೆ ಕೇಳುತ್ತೇನೆ. ಹೆರಿಗೆ ನಂತರದ ತಪಾಸಣೆ ಆಯಿತಾ? ಆಗಿಲ್ಲದಿದ್ದರೆ ಅವರು ಬರುವ ಮೊದಲೇ ಮುಗಿಸಿ. ಡಾಕ್ಟರ್ ಓಡಾಡಬಹುದು ಅಂದರೂ ಮೊದಲ ದಿನ ಒಂದು ಗಂಟೆ ಸಾಕು. ನಡೆದು ಬಂದ ಮೇಲೆ ಹೊಲಿಗೆ ಹಾಕಿದ ಜಾಗ ಎಳೆದರೆ, ನಿಂತಿದ್ದ ರಕ್ತಸ್ರಾವ ಮತ್ತೆ ಶುರುವಾದರೆ ಜಾಸ್ತಿಯಾಗಿದೆ ಅಂತ ಅರ್ಥ, ಮರುದಿನ ಮಲಗಿ. ಗಂಟೆಗೊಂದು ಪ್ಯಾಡ್ ಪೂರ್ತಿ ನೆನೆಯುತ್ತಿದ್ದರೆ ಮಲಗುವುದಲ್ಲ, ಆಸ್ಪತ್ರೆಗೆ ಹೋಗಬೇಕು. ಒಂದೇ ಕಾಲಿನ ಮೀನಖಂಡ ಊದಿಕೊಂಡು ನೋಯುವುದು, ಉಸಿರಾಡಲು ಕಷ್ಟವಾಗುವುದು, ಇವೂ ಹಾಗೇ. ಹೆರಿಗೆಯಾದ ಹೊಸದರಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಜಾಸ್ತಿ, ಸಿಸೇರಿಯನ್ ಆದವರಿಗೆ ಇನ್ನೂ ಸ್ವಲ್ಪ ಜಾಸ್ತಿ. ಸ್ಟ್ರಾಲರ್ ಎತ್ತಿ ಮೆಟ್ಟಿಲು ಹತ್ತುವುದು, ಬ್ಯಾಗ್ ಹೊರುವುದು ಗೆಳತಿಯರ ಕೆಲಸ.

ಮಗುವಿಗೆ ಲಸಿಕೆಗಳು ಈಗಷ್ಟೇ ಶುರುವಾಗಿರುತ್ತವೆ. ಮುಚ್ಚಿದ, ಜನ ತುಂಬಿದ ಜಾಗಗಳು ಇನ್ನೂ ಸ್ವಲ್ಪ ದಿನ ಬೇಡ, ತೆರೆದ ಜಾಗ ನೋಡಿಕೊಳ್ಳಿ. ಮೂರು ತಿಂಗಳೊಳಗಿನ ಮಗುವಿಗೆ ಜ್ವರ 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಮನೆಯಲ್ಲಿ ಕಾದು ನೋಡುವ ಹಾಗಿಲ್ಲ, ರಾತ್ರಿಯಾದರೂ ಸರಿ, ತಕ್ಷಣ ತೋರಿಸಬೇಕು. ಗೆಳತಿಯರು ಬಂದ ಕೂಡಲೇ ಕೈ ತೊಳೆದುಕೊಳ್ಳಲಿ. ನೆಗಡಿ ಇದ್ದವರು, ತುಟಿಯ ಮೇಲೆ ನೀರುಗುಳ್ಳೆ ಎದ್ದವರು ಮಗುವಿಗೆ ಮುತ್ತು ಕೊಡಬಾರದು. ಆ ಗುಳ್ಳೆ ಬರಿಸುವ ವೈರಸ್ ಎಳೆ ಮಗುವಿಗೆ ನಿಜವಾಗಲೂ ಅಪಾಯ. ಹೇಳುವುದು ಕಷ್ಟ ಅನ್ನಿಸಿದರೆ ‘ಡಾಕ್ಟರ್ ಹೇಳಿದ್ದಾರೆ’ ಅಂದುಬಿಡಿ.

ಒಂದು ಸಲಹೆ ಇದೆ, ಒಪ್ಪುತ್ತೀರಾ ನೋಡಿ. ಆ ಎರಡು ದಿನ ಊರಿನ ಹೆಸರಾಂತ ಜಾಗಗಳನ್ನು ಬಿಟ್ಟು ನಿಮ್ಮ ಮನೆಯ ಸುತ್ತಲಿನ ಬೀದಿಗಳನ್ನು ಅವರ ಜೊತೆ ನಡೆದು ನೋಡಿ. ಯಾವ ಬೀದಿಯಲ್ಲಿ ನೆರಳಿದೆ, ಎಲ್ಲಿ ಕಲ್ಲುಬೆಂಚು ಇದೆ, ಔಷಧಿ ಅಂಗಡಿ ಎಷ್ಟು ಹೊತ್ತು ತೆರೆದಿರುತ್ತದೆ, ಮಕ್ಕಳ ಡಾಕ್ಟರ್ ಎಲ್ಲಿದ್ದಾರೆ, ಸ್ಟ್ರಾಲರ್ ಚಕ್ರ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಅವರು ಹೋದ ಮೇಲೂ ನೀವು ಆ ಊರಿನಲ್ಲೇ ಇರುವವರು. ಗೆಳತಿಯರ ಜೊತೆ ಒಂದು ಸಲ ನಡೆದ ದಾರಿಯಲ್ಲಿ ಮುಂದಿನ ವಾರ ಮಗುವನ್ನು ಎತ್ತಿಕೊಂಡು ಒಬ್ಬರೇ ಹೋಗಲು ಧೈರ್ಯ ಬರುತ್ತದೆ.

ಪ್ರಶ್ನೆ: ಹೊರಗೆ ಹಾಲು ಕೊಡಲು ತುಂಬಾ ಸಂಕೋಚ. ಗೊತ್ತಿಲ್ಲದ ಊರಿನಲ್ಲಂತೂ ಎಲ್ಲರೂ ನೋಡುತ್ತಿದ್ದಾರೆ ಅನ್ನಿಸುತ್ತದೆ. ಮಗುವಿಗೆ ನಾಲ್ಕು ತಿಂಗಳು.

ಉತ್ತರ: ಆ ಸಂಕೋಚ ನನಗೂ ಇತ್ತು. ನಿಮ್ಮದು ತಪ್ಪು ಅಂತ ನಾನು ಹೇಳಲಾರೆ. ಆದರೆ ಅದಕ್ಕಾಗಿ ಹಾಲು ತಪ್ಪಿಸಬೇಡಿ. ಮಗು ಹಸಿಯುತ್ತದೆ, ನಿಮಗೂ ಎದೆ ಕಟ್ಟಿ ಗಂಟಾಗುತ್ತದೆ, ಅದು ಬೆಳೆದು ಜ್ವರವೂ ಬರಬಹುದು. ಶೌಚಾಲಯದಲ್ಲಿ ಕೂತು ಕೊಡುವುದಂತೂ ಬೇಡ, ನಾವು ಅಲ್ಲಿ ಊಟ ಮಾಡುತ್ತೇವಾ?

ಮನೆಯಲ್ಲಿ ಕನ್ನಡಿ ಮುಂದೆ ಎರಡು ಮೂರು ಸಲ ಕೊಟ್ಟು ನೋಡಿ. ಒಳಗೊಂದು ಬನಿಯನ್, ಮೇಲೆ ಸಡಿಲವಾದ ಟಾಪ್ ಹಾಕಿಕೊಂಡು, ಮೇಲಿನದನ್ನು ಎತ್ತಿ ಒಳಗಿನದನ್ನು ಇಳಿಸಿದರೆ ಹೊಟ್ಟೆಯೂ ಕಾಣುವುದಿಲ್ಲ, ಎದೆಯೂ ಕಾಣುವುದಿಲ್ಲ, ಮಗುವಿನ ತಲೆ ಮಾತ್ರ ಕಾಣುತ್ತದೆ. ಹೊರಗಿನವರಿಗೆ ಎಷ್ಟು ಕಡಿಮೆ ಕಾಣುತ್ತದೆ ಅಂತ ಕನ್ನಡಿಯಲ್ಲಿ ಕಂಡ ಮೇಲೆ ಭಯ ಅರ್ಧ ಕಡಿಮೆ ಆಗುತ್ತದೆ. ಗೋಡೆಗೆ ಬೆನ್ನು ಕೊಟ್ಟು ಕೂರಿ, ಒಬ್ಬ ಗೆಳತಿ ಪಕ್ಕದಲ್ಲಿ, ಇನ್ನೊಬ್ಬರು ಎದುರಿಗೆ ಕೂತು ಸುಮ್ನೆ ಮಾತಾಡುತ್ತಿರಲಿ. ನಾಲ್ಕು ತಿಂಗಳ ಮಕ್ಕಳು ಶಬ್ದ ಕೇಳಿದ ಕಡೆಗೆಲ್ಲ ತಿರುಗುತ್ತವೆ, ಎರಡು ಗುಟುಕು ಕುಡಿದು ಬಿಟ್ಟು ನೋಡುತ್ತವೆ. ಹಾಗಾಗಿ ಗಲಾಟೆ ಇಲ್ಲದ ಮೂಲೆ ನಿಮ್ಮ ಸಂಕೋಚಕ್ಕೂ ಒಳ್ಳೆಯದು, ಅದರ ಹೊಟ್ಟೆಗೂ ಒಳ್ಳೆಯದು. ಗ್ರಂಥಾಲಯ, ಮ್ಯೂಸಿಯಂ, ದೊಡ್ಡ ಅಂಗಡಿ, ಎಲ್ಲೇ ಆದರೂ ಅಲ್ಲಿ ಕೆಲಸ ಮಾಡುವ ಹೆಂಗಸರನ್ನು ಕೇಳಿ ನೋಡಿ. ನನಗೆ ಒಮ್ಮೆ ಒಬ್ಬರು ತಮ್ಮ ಕುರ್ಚಿಯನ್ನೇ ಬಿಟ್ಟುಕೊಟ್ಟು ಬಾಗಿಲ ಹತ್ತಿರ ನಿಂತಿದ್ದರು.

ಪ್ರಶ್ನೆ: ಹಾಲು ಹಿಂಡಿ ಬಾಟಲಿಯಲ್ಲಿ ತೆಗೆದುಕೊಂಡು ಹೋದರೆ ಎಷ್ಟು ಹೊತ್ತು ಇರುತ್ತದೆ? ಪುಡಿ ಹಾಲಾದರೆ?

ಉತ್ತರ: ಈಗಷ್ಟೇ ಹಿಂಡಿದ ಎದೆಹಾಲು 25 ಡಿಗ್ರಿ ಒಳಗಿದ್ದರೆ 4 ಗಂಟೆ. ಸೆಖೆ ಅದಕ್ಕಿಂತ ಜಾಸ್ತಿ ಇದ್ದರೆ ಅಷ್ಟು ಹೊತ್ತು ನಂಬಬೇಡಿ. ಗಟ್ಟಿ ಹೆಪ್ಪುಗಟ್ಟಿದ ಐಸ್ ಪ್ಯಾಕ್ ಇಟ್ಟ ತಂಪು ಚೀಲದಲ್ಲಿ 24 ಗಂಟೆ, ಫ್ರಿಜ್ಜಿನಲ್ಲಿ 4 ದಿನ. ಪುಡಿ ಹಾಲು ಕಲಸಿದ ಮೇಲೆ 2 ಗಂಟೆ, ಮಗು ಬಾಯಿ ಹಾಕಿದ ಮೇಲೆ 1 ಗಂಟೆ, ಉಳಿದದ್ದು ಚೆಲ್ಲಿ. ಹೊರಗೆ ಹೋಗುವಾಗ ಕಲಸಿ ಒಯ್ಯಬೇಡಿ. ಪುಡಿಯನ್ನು ಒಂದು ಸಲಕ್ಕೆ ಬೇಕಾದಷ್ಟು ಅಳೆದು ಒಣ ಡಬ್ಬಿಯಲ್ಲಿ, ಕುದಿಸಿದ ನೀರನ್ನು ಬಿಸಿ ಇರುವಾಗಲೇ ಫ್ಲಾಸ್ಕಿನಲ್ಲಿ ತೆಗೆದುಕೊಂಡು ಹೋಗಿ. ಬೇಕಾದಾಗ ಕಲಸಿ, ಆರಿಸಿ, ಮಣಿಕಟ್ಟಿನ ಮೇಲೆ ಒಂದು ಹನಿ ಬಿಟ್ಟು ನೋಡಿ ಕೊಡಿ.

ಪ್ರಶ್ನೆ: ಕ್ಯಾರಿಯರ್ ತಗೊಳ್ಳಲಾ, ಸ್ಟ್ರಾಲರ್ ತಗೊಳ್ಳಲಾ?

ಉತ್ತರ: ಗೊತ್ತಿಲ್ಲದ ಊರಿಗೆ ಒಂದೇ ಒಯ್ಯುವುದಾದರೆ ನಾನು ಕ್ಯಾರಿಯರ್ ಅನ್ನುತ್ತೇನೆ. ಮೆಟ್ಟಿಲು, ಕಿತ್ತುಹೋದ ಫುಟ್‌ಪಾತ್, ತುಂಬಿದ ಬಸ್ಸು, ಯಾವುದಕ್ಕೂ ಅಂಜಬೇಕಿಲ್ಲ. ಆದರೆ ಕಟ್ಟಿಕೊಳ್ಳುವ ಕ್ರಮ ಸರಿ ಇರಬೇಕು. ತಲೆ ಬಗ್ಗಿಸಿದರೆ ನೆತ್ತಿಗೆ ಮುತ್ತು ಕೊಡುವಷ್ಟು ಮೇಲಿರಲಿ, ಮುಖ ಸದಾ ಕಾಣುತ್ತಿರಲಿ, ಗದ್ದ ಎದೆಗೆ ಒತ್ತಿಕೊಂಡಿರಬಾರದು, ನಡುವೆ ಎರಡು ಬೆರಳು ಹೋಗಬೇಕು. ಕಾಲು ಕಪ್ಪೆ ಕೂತ ಹಾಗೆ, ಮಂಡಿ ಕುಂಡೆಗಿಂತ ಸ್ವಲ್ಪ ಮೇಲೆ. ನಿಮ್ಮ ಬೆನ್ನು ನೊಂದರೆ ಗೆಳತಿಯರಿಗೆ ದಾಟಿಸಿ, ಅದಕ್ಕೆ ಪಟ್ಟಿ ಬಿಗಿ ಮಾಡುವುದನ್ನು ಮೊದಲೇ ಕಲಿಸಿ. ಸ್ಟ್ರಾಲರ್ ಒಯ್ದರೆ ಬಿಸಿಲಿಗೆ ಅದರ ಮೇಲೆ ಬಟ್ಟೆ ಮುಚ್ಚಬೇಡಿ, ತೆಳು ಬಟ್ಟೆಯಾದರೂ ಒಳಗೆ ಗಾಳಿಯಾಡದೆ ಬೇಗ ಕಾಯುತ್ತದೆ. ನೆರಳಲ್ಲಿ ನಡೆಯಿರಿ, ಅಗಲ ಅಂಚಿನ ಟೋಪಿ ಹಾಕಿ.

ಪ್ರಶ್ನೆ: ಮೂರು ತಿಂಗಳ ಮಗುವಿನ ಜೊತೆ ಗೆಳತಿಯರೊಡನೆ ಹೋಗಿ ಬಂದೆ. ಮಗು ಗಲಾಟೆ ಮಾಡಲಿಲ್ಲ, ಎಲ್ಲರೂ ಚೆನ್ನಾಗಿ ನೋಡಿಕೊಂಡರು. ಆದರೂ ನನಗೆ ಯಾವುದೂ ಖುಷಿ ಅನ್ನಿಸಲಿಲ್ಲ. ಫೋಟೋದಲ್ಲಿ ನಗುತ್ತಿದ್ದೇನೆ, ಒಳಗೆ ಏನೂ ಇರಲಿಲ್ಲ. ಒಂದು ತಿಂಗಳಿಂದ ಹೀಗೇ ಇದೆ. ನಾನು ಕೆಟ್ಟ ತಾಯಿಯಾ?

ಉತ್ತರ: ಅಲ್ಲ. ಖಂಡಿತ ಅಲ್ಲ. ಹೆರಿಗೆಯಾದ ಮೊದಲ ದಿನಗಳಲ್ಲಿ ಸುಮ್ಮನೆ ಅಳು ಬರುವುದು ಬಹಳ ಜನರಿಗೆ ಆಗುತ್ತದೆ, ಎರಡು ವಾರದೊಳಗೆ ಅದು ಇಳಿಯುತ್ತದೆ. ನಿಮ್ಮದು ಒಂದು ತಿಂಗಳಾಗಿದೆ. ಹಾಗಾಗಿ ಇದು ಡಾಕ್ಟರಿಗೆ ಹೇಳಬೇಕಾದ ವಿಷಯ, ಈ ವಾರವೇ. ಪ್ರಪಂಚದಲ್ಲಿ ಹೊಸದಾಗಿ ತಾಯಿಯಾದ ನೂರರಲ್ಲಿ ಸುಮಾರು 13 ಮಂದಿಗೆ ಇಂಥ ಮಾನಸಿಕ ತೊಂದರೆ, ಮುಖ್ಯವಾಗಿ ಖಿನ್ನತೆ, ಕಾಡುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಇದು ಕಾಯಿಲೆ, ಗುಣವಾಗುತ್ತದೆ, ಹಾಲು ಕೊಡುತ್ತಿರುವಾಗಲೂ ತೆಗೆದುಕೊಳ್ಳಬಹುದಾದ ಔಷಧಿಗಳಿವೆ. ನನಗೆ ಬರೆದ ಇದೇ ಸಾಲುಗಳನ್ನು ಆ ಗೆಳತಿಯರಲ್ಲಿ ಒಬ್ಬರಿಗೆ ಕಳಿಸಿ, ಡಾಕ್ಟರ್ ಹತ್ತಿರ ಜೊತೆಗೆ ಬರಲು ಕೇಳಿ. ನಿಮಗೋ ಮಗುವಿಗೋ ಏನಾದರೂ ಮಾಡಿಬಿಡಬೇಕು ಅನ್ನುವ ಯೋಚನೆ ಒಂದು ಸಲ ಬಂದರೂ ಒಬ್ಬರೇ ಇರಬೇಡಿ, ಕೂಡಲೇ ಪಕ್ಕದಲ್ಲಿರುವವರಿಗೆ ಹೇಳಿ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ನನಗೆ ಮಗು ಇಲ್ಲ, ಗೆಳತಿಗೆ ಇದೆ. ಮುಂದಿನ ತಿಂಗಳು ಒಟ್ಟಿಗೆ ಹೊಸ ಊರಿಗೆ ಹೋಗುತ್ತಿದ್ದೇವೆ. ನಾನು ಏನು ಮಾಡಿದರೆ ಅವಳಿಗೆ ಉಪಯೋಗ?

ಉತ್ತರ: ಈ ಸಲದ ಪತ್ರಗಳಲ್ಲಿ ನನಗೆ ತುಂಬಾ ಖುಷಿ ಕೊಟ್ಟದ್ದು ನಿಮ್ಮದು. ಅವಳು ಊಟ ಮಾಡುವಾಗ ಮಗುವನ್ನು ನೀವು ಎತ್ತಿಕೊಳ್ಳಿ, ಊಟ ಬಿಸಿ ಇರುವಾಗಲೇ. ಹಾಲು ಕೊಡಲು ಕೂತ ಕೂಡಲೇ ಅವಳ ಕೈಗೆ ನೀರಿನ ಬಾಟಲಿ ಕೊಡಿ, ಆ ಹೊತ್ತಿಗೆ ಬಾಯಾರಿಕೆ ಆಗುತ್ತದೆ. ಮಗು ಅತ್ತಾಗ ‘ಹಸಿವಾಯ್ತೇನೋ, ಸೆಖೆ ಆಯ್ತೇನೋ’ ಅಂತ ಹೇಳುತ್ತಾ ನಿಲ್ಲಬೇಡಿ, ಬ್ಯಾಗ್ ಹಿಡಿದುಕೊಳ್ಳಿ, ಕೂರಲು ಜಾಗ ಹುಡುಕಿ. ಫೋಟೋದಲ್ಲಿ ಅವಳನ್ನೂ ಸೇರಿಸಿ, ಮಗುವಿನ ಫೋಟೋಗಳಲ್ಲಿ ತಾಯಿಯೇ ಇರುವುದಿಲ್ಲ ಎಷ್ಟೋ ಸಲ. ಮಗುವಿನ ಫೋಟೋ ಎಲ್ಲರಿಗೂ ಕಾಣುವ ಹಾಗೆ ಹಾಕುವ ಮೊದಲು ಅವಳನ್ನು ಕೇಳಿ. ಮತ್ತೆ, ಮಗುವಿನ ವಿಷಯ ಬಿಟ್ಟು ಬೇರೆಯದೂ ಮಾತಾಡಿ. ಅವಳು ಓದಿದ್ದು, ಬಿಟ್ಟ ಕೆಲಸ, ನಿಮ್ಮಿಬ್ಬರ ಹಳೆಯ ಜಗಳ, ಏನಾದರೂ.

ರಾತ್ರಿ ಎರಡು ಮೂರು ಸಲ ಎದ್ದಿರುತ್ತಾಳೆ. ಬೆಳಿಗ್ಗೆ ಆರೂವರೆಗೆ ಅವಳು ಹಾಲು ಕೊಟ್ಟು ಮುಗಿಸಿದ ಮೇಲೆ ಮಗುವನ್ನು ನೀವು ತಗೊಂಡು ಹೊರಗೆ ಹೋಗಿ, ಒಂದು ಗಂಟೆ ಬೀದಿ ತೋರಿಸಿಕೊಂಡು ಬನ್ನಿ. ಬಾಗಿಲು ಮೆಲ್ಲಗೆ ಎಳೆದುಕೊಳ್ಳಿ, ಅವಳು ಮಲಗಿರಲಿ.